ದೇವರ ಹತ್ತಿರ ಏನು ಕೇಳಿದರು, ಏನು ಸಿಕ್ಕಿತು: ಗ್ರೀಕ್ ಪುರಾಣದ ಮನುಷ್ಯರ ಕಥೆಗಳನ್ನು ಓದುವ ದಾರಿ

ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ವರ ಕೇಳಿದ ಮಿಡಾಸ್ ರಾಜ ಗೊತ್ತಲ್ವಾ? ಊಟಕ್ಕೆ ಕೂತರೆ ತುತ್ತು ಚಿನ್ನವಾಯಿತು, ಓಡಿಬಂದು ತಬ್ಬಿಕೊಂಡ ಮಗಳು ಚಿನ್ನದ ಬೊಂಬೆಯಾದಳು, ರಾಜನಿಗೆ ಬುದ್ಧಿ ಬಂತು. ನಮ್ಮಲ್ಲಿ ಹೆಚ್ಚಿನವರು ಕೇಳಿರುವುದು ಈ ಕಥೆಯನ್ನೇ. ಆದರೆ ಎರಡು ಸಾವಿರ ವರ್ಷಗಳ ಹಿಂದೆ ರೋಮನ್ ಕವಿ ಓವಿಡ್ ಹೇಳಿದ ಕಥೆಯಲ್ಲಿ ಮಗಳೇ ಇಲ್ಲ. ಅವಳನ್ನು ಮನೆಮಾತಾಗಿಸಿದವನು 19ನೇ ಶತಮಾನದ ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್. ಮಕ್ಕಳಿಗೆ ಹೇಳುವ ಕಥೆ, ಮನಸ್ಸಿಗೆ ನಾಟಬೇಕು, ಹಾಗಾಗಿ ಮಗಳು ಬಂದಳು.

ಗ್ರೀಕ್ ಪುರಾಣದ ಕಥೆಗಳು ನಮಗೆ ಸಿಗುವುದೇ ಹೀಗೆ, ಕೊನೆಗೊಂದು ನೀತಿ ಅಂಟಿಸಿಕೊಂಡು. ಆಸೆಪಟ್ಟವನಿಗೆ ಶಿಕ್ಷೆ, ಸೊಕ್ಕಿದವಳಿಗೆ ಶಿಕ್ಷೆ, ಅಲ್ಲಿಗೆ ಮುಗಿಯಿತು. ಹಳೆಯ ಕವಿಗಳು ಹೇಳಿದ್ದು ಇಷ್ಟು ಸಲೀಸಾಗಿಲ್ಲ. ಅಲ್ಲಿ ಮನುಷ್ಯರಿಗೂ ದೇವರಿಗೂ ನಡುವೆ ಒಂದು ಕೊಡು-ಕೊಳ್ಳುವ ವ್ಯವಹಾರ ನಡೆಯುತ್ತದೆ. ಯಾರು ಏನು ಕೇಳಿದರು, ಏನು ಸಿಕ್ಕಿತು, ಬೆಲೆ ತೆತ್ತವರು ಯಾರು? ಈ ಮೂರು ಪ್ರಶ್ನೆ ಕೈಯಲ್ಲಿ ಹಿಡಿದು ಓದಿದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಾಗೆ ಓದುವುದು ಹೇಗೆ, ಯಾವುದರ ನಂತರ ಯಾವುದು ಎಂದು ಇಲ್ಲಿ ಹೇಳುತ್ತೇನೆ.

ಶುರು ಮಾಡುವ ಮೊದಲು

ದೇವತೆಗಳ ವಂಶಾವಳಿಯನ್ನು ಬಾಯಿಪಾಠ ಮಾಡಲು ಹೋಗಬೇಡಿ. ಎಷ್ಟೋ ಜನ ಅಲ್ಲೇ ಸುಸ್ತಾಗಿ ಪುಸ್ತಕ ಮುಚ್ಚುತ್ತಾರೆ. ಹತ್ತು ಹನ್ನೆರಡು ಹೆಸರು ಗೊತ್ತಿದ್ದರೆ ಸಾಕು, ಉಳಿದವು ಕಥೆಯ ಜೊತೆಗೇ ಬರುತ್ತವೆ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ: ಓವಿಡ್ ಲ್ಯಾಟಿನ್‌ನಲ್ಲಿ ಬರೆದವನು, ಅವನು ರೋಮನ್ ಹೆಸರುಗಳನ್ನು ಬಳಸುತ್ತಾನೆ. ಅವನ ಜುಪಿಟರ್ ಎಂದರೆ ಗ್ರೀಕರ ದೇವರಾಜ ಜೀಯಸ್, ಜೂನೋ ಎಂದರೆ ಅವನ ಹೆಂಡತಿ ಹೇರಾ, ಮಿನರ್ವಾ ಎಂದರೆ ಜ್ಞಾನ, ನೇಯ್ಗೆಯ ದೇವತೆ ಅಥೀನಾ, ಮರ್ಕ್ಯುರಿ ಎಂದರೆ ದೇವದೂತ ಹರ್ಮಿಸ್, ಬಾಕಸ್ ಎಂದರೆ ವೈನ್ ದೇವರು ಡಯೊನೈಸಸ್. ಬಿಲ್ಲು, ಭವಿಷ್ಯವಾಣಿಯ ದೇವರು ಅಪೊಲೊ ಎರಡೂ ಕಡೆ ಅಪೊಲೊನೇ. ನಾನು ಇಲ್ಲಿ ಗ್ರೀಕ್ ಹೆಸರುಗಳನ್ನೇ ಬಳಸುತ್ತೇನೆ.

ಮೂಲ ಕಾವ್ಯಗಳ ಇಂಗ್ಲಿಷ್ ಅನುವಾದಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ ಹೋಮರ್, ಹೆಸಿಯಡ್, ಓವಿಡ್, ನಾಟಕಕಾರರು ಎಲ್ಲರೂ ಇದ್ದಾರೆ. ಅಲ್ಲಿನ ಅನುವಾದಗಳು ಸ್ವಲ್ಪ ಹಳೇ ಕಾಲದವು, ಭಾಷೆ ಬಿಗಿ. ಓದಲು ಕಷ್ಟವಾದರೆ ಹೊಸ ಅನುವಾದವೊಂದನ್ನು ಲೈಬ್ರರಿಯಿಂದ ತನ್ನಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ, ಮುಂದೆ ಬೇಕಾಗುತ್ತದೆ.

ಮೊದಲ ಹೆಜ್ಜೆ: ಒಂದು ಪ್ರಾರ್ಥನೆ ಓದಿ

ಪ್ರಾಚೀನ ಗ್ರೀಕ್ ಕವಿ ಹೋಮರನ 'ಇಲಿಯಡ್', ಗ್ರೀಕರು ಟ್ರಾಯ್ ನಗರದ ಮೇಲೆ ಮಾಡಿದ ಯುದ್ಧದ ಬಗ್ಗೆ 24 ಸರ್ಗಗಳ ದೊಡ್ಡ ಕಾವ್ಯ. ಈಗ ನಿಮಗೆ ಬೇಕಾಗಿರುವುದು ಮೊದಲ ಸರ್ಗದ ಮೊದಲ ಐವತ್ತು ಸಾಲು ಮಾತ್ರ. ಕ್ರೈಸಿಸ್ ಎಂಬ ಮುದುಕ ಅಪೊಲೊನ ಪೂಜಾರಿ. ಅವನ ಮಗಳನ್ನು ಗ್ರೀಕ್ ಸೇನೆಯ ದೊರೆ ಅಗಮೆಮ್ನಾನ್ ಸೆರೆಯಾಳಾಗಿ ಇಟ್ಟುಕೊಂಡಿದ್ದಾನೆ. ಒತ್ತೆಹಣ ಹಿಡಿದು ಬಂದ ಅಪ್ಪನನ್ನು ದೊರೆ ಬೈದು ಅಟ್ಟುತ್ತಾನೆ. ಮುದುಕ ಸದ್ದಿಲ್ಲದೆ ಸಮುದ್ರದ ದಂಡೆಗೆ ಹೋಗಿ ಅಪೊಲೊನನ್ನು ಕರೆಯುತ್ತಾನೆ. ಅವನ ಮಾತಿನ ಸಾರ ಇದು: ನಾನು ನಿನಗೆ ಎಂದಾದರೂ ಗುಡಿಗೆ ಸೂರು ಹಾಕಿಸಿದ್ದರೆ, ಹೋರಿಯ, ಆಡಿನ ತೊಡೆಗಳನ್ನು ನಿನಗಾಗಿ ಸುಟ್ಟಿದ್ದರೆ, ಈಗ ನನ್ನದೊಂದು ಕೋರಿಕೆ ನಡೆಸಿಕೊಡು. ನನ್ನ ಕಣ್ಣೀರಿಗೆ ಈ ಗ್ರೀಕರು ನಿನ್ನ ಬಾಣಗಳಿಂದ ಬೆಲೆ ತೆರಲಿ.

ಅಪೊಲೊ ಬಂದೇ ಬಿಡುತ್ತಾನೆ. ಮೊದಲು ಹೇಸರಗತ್ತೆ, ನಾಯಿಗಳು ಸಾಯುತ್ತವೆ, ಆಮೇಲೆ ಮನುಷ್ಯರು. ಒಂಬತ್ತು ದಿನ ಹೆಣಗಳ ಚಿತೆ ಆರುವುದಿಲ್ಲ. ಮಗಳನ್ನು ಇಟ್ಟುಕೊಂಡವನು ಅಗಮೆಮ್ನಾನ್, ಸತ್ತವರು ಸಾಮಾನ್ಯ ಸೈನಿಕರು. ಈ ಅನ್ಯಾಯವನ್ನು ಹೋಮರ್ ಮುಚ್ಚಿಡುವುದಿಲ್ಲ, ಸಮಜಾಯಿಷಿಯನ್ನೂ ಕೊಡುವುದಿಲ್ಲ.

ಪ್ರಾರ್ಥನೆಯಲ್ಲಿ ಭಕ್ತಿಯ ಉದ್ಗಾರಕ್ಕಿಂತ ಲೆಕ್ಕವೇ ಜಾಸ್ತಿ ಇರುವುದನ್ನು ಗಮನಿಸಿ. ನಾನು ಕೊಟ್ಟಿದ್ದೇನೆ, ನೀನು ಕೊಡು. ಗ್ರೀಕರ ಪೂಜೆಯ ಅಡಿಪಾಯ ಇದು. ಈ ಲೆಕ್ಕ ಶುರುವಾದದ್ದು ಹೇಗೆ ಎಂದು ಹೆಸಿಯಡ್ ಹೇಳುತ್ತಾನೆ. ಅವನು ಕ್ರಿ.ಪೂ. 700ರ ಸುಮಾರಿನ ಕವಿ. ಮೆಕೋನೆ ಎಂಬ ಊರಲ್ಲಿ ದೇವರಿಗೂ ಮನುಷ್ಯರಿಗೂ ಎತ್ತಿನ ಮಾಂಸ ಪಾಲಾಗಬೇಕಿತ್ತು. ಮನುಷ್ಯರ ಪರ ನಿಂತ ಹಳೆಯ ತಲೆಮಾರಿನ ದೇವರು ಪ್ರೊಮಿಥಿಯಸ್ ಒಂದು ಪಾಲಿನಲ್ಲಿ ಒಳ್ಳೆಯ ಮಾಂಸವನ್ನು ಎತ್ತಿನ ಹೊಟ್ಟೆಯೊಳಗೆ ಬಚ್ಚಿಟ್ಟ. ಇನ್ನೊಂದರಲ್ಲಿ ಬರೀ ಮೂಳೆ, ಮೇಲೆ ಹೊಳೆಯುವ ಕೊಬ್ಬು. ಜೀಯಸ್ ಕೊಬ್ಬಿನ ಪಾಲನ್ನೇ ಎತ್ತಿಕೊಂಡ. ಅಂದಿನಿಂದ ಬಲಿಯಲ್ಲಿ ಮೂಳೆ, ಕೊಬ್ಬು ದೇವರಿಗೆ, ಮಾಂಸ ಮನುಷ್ಯರಿಗೆ. ಮೋಸ ಗೊತ್ತಿದ್ದೇ ಜೀಯಸ್ ಹಾಗೆ ಮಾಡಿದ ಎನ್ನುತ್ತಾನೆ ಹೆಸಿಯಡ್. ಸಿಟ್ಟಾದ ಜೀಯಸ್ ಬೆಂಕಿಯನ್ನು ಬಚ್ಚಿಟ್ಟ, ಪ್ರೊಮಿಥಿಯಸ್ ಅದನ್ನು ಪೊಳ್ಳು ಕಾಂಡದೊಳಗಿಟ್ಟು ಕದ್ದು ತಂದ, ಅದಕ್ಕೆ ಪ್ರತಿಯಾಗಿ ಮೊದಲ ಹೆಂಗಸು ಪಂಡೋರಾ ಮತ್ತು ಕಷ್ಟಗಳು ತುಂಬಿದ ಅವಳ ಗುಡಾಣ ಭೂಮಿಗೆ ಬಂದವು. ಒಂದು ಹಂಚಿಕೆಯ ಜಗಳದಿಂದ ಮನುಷ್ಯರ ಕಷ್ಟಗಳೆಲ್ಲ ಹುಟ್ಟಿದವು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗಿ.

ಎರಡನೇ ಹೆಜ್ಜೆ: ಮುದುಕ-ಮುದುಕಿಯ ಗುಡಿಸಲಿಗೆ ಹೋಗಿ

ಓವಿಡ್‌ನ 'ಮೆಟಮಾರ್ಫೊಸಿಸ್' 15 ಸರ್ಗಗಳ ಕಾವ್ಯ. ಅದರ ಎಂಟನೇ ಸರ್ಗದಲ್ಲಿ ಬಾಸಿಸ್ ಮತ್ತು ಫಿಲೆಮನ್ ಕಥೆ ಇದೆ. ಮೊದಲ ಸಲ ಪೂರ್ತಿಯಾಗಿ ಓದಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ತೋಚುವುದಿಲ್ಲ. ಜೀಯಸ್, ಹರ್ಮಿಸ್ ಇಬ್ಬರೂ ದಾರಿಹೋಕರ ವೇಷದಲ್ಲಿ ಫ್ರಿಜಿಯಾಕ್ಕೆ ಬರುತ್ತಾರೆ. ಈಗಿನ ಟರ್ಕಿಯ ಒಳನಾಡು ಅದು. ಸಾವಿರ ಮನೆಗಳ ಬಾಗಿಲು ತಟ್ಟುತ್ತಾರೆ, ಸಾವಿರವೂ ಮುಚ್ಚಿಕೊಳ್ಳುತ್ತವೆ. ಕೊನೆಗೆ ಹುಲ್ಲು ಹೊದಿಸಿದ ಒಂದು ಗುಡಿಸಲು ತೆರೆಯುತ್ತದೆ.

ಇಲ್ಲಿ ನಿಧಾನ ಮಾಡಿ. ಓವಿಡ್ ಈ ಅಡುಗೆಮನೆಯನ್ನು ಒಂದೊಂದೇ ವಸ್ತುವಾಗಿ ತೋರಿಸುತ್ತಾನೆ. ಬಾಸಿಸ್ ನಿನ್ನೆಯ ಬೂದಿ ಕೆದಕಿ ಕೆಂಡ ಹುಡುಕುತ್ತಾಳೆ, ಒಣಗಿದ ಎಲೆ, ತೊಗಟೆ ಹಾಕಿ ಊದುತ್ತಾಳೆ. ಮುದುಕ ತೋಟದಿಂದ ತಂದ ಕೋಸನ್ನು ಬಿಡಿಸುತ್ತಾಳೆ. ಅವನು ಮಾಡಿನ ತೊಲೆಗೆ ನೇತುಹಾಕಿದ್ದ ಹೊಗೆ ಹಿಡಿದ ಹಂದಿಮಾಂಸದಿಂದ ಒಂದು ಚೂರು ಕತ್ತರಿಸುತ್ತಾನೆ. ಮೇಜಿನ ಒಂದು ಕಾಲು ಗಿಡ್ಡ. ಬಾಸಿಸ್ ಅದರ ಕೆಳಗೆ ಒಡೆದ ಮಡಕೆಯ ಚೂರು ಇಟ್ಟು ಸಮ ಮಾಡುತ್ತಾಳೆ, ಪುದೀನ ಸೊಪ್ಪಿನಿಂದ ಮೇಜು ಒರೆಸುತ್ತಾಳೆ. ಆಲಿವ್ ಕಾಯಿ, ಮೂಲಂಗಿ, ಗಿಣ್ಣು, ಬೂದಿಯಲ್ಲಿ ಬೇಯಿಸಿದ ಮೊಟ್ಟೆ ಬರುತ್ತವೆ. ವೈನ್ ಪಾತ್ರೆ ಎಷ್ಟು ಬಗ್ಗಿಸಿದರೂ ಖಾಲಿಯಾಗುವುದಿಲ್ಲ. ಆಗ ಇಬ್ಬರಿಗೂ ಭಯ. ಬಂದವರು ಸಾಮಾನ್ಯರಲ್ಲ, ನಾವು ಬಡಿಸಿದ್ದು ಇಷ್ಟೇನಾ ಎಂಬ ಭಯ. ಮನೆ ಕಾಯುವ ಒಂದೇ ಒಂದು ಹೆಬ್ಬಾತನ್ನು ಕೊಯ್ಯಲು ಓಡುತ್ತಾರೆ. ಅದು ಅವರ ಕೈಗೆ ಸಿಗದೆ ನೇರವಾಗಿ ದೇವರ ಬಳಿ ಹೋಗಿ ಅವಿತುಕೊಳ್ಳುತ್ತದೆ, ಕೊಲ್ಲಬೇಡಿ ಎಂದು ಅವರು ತಡೆಯುತ್ತಾರೆ.

ಊರೆಲ್ಲ ನೀರಲ್ಲಿ ಮುಳುಗುತ್ತದೆ, ಗುಡಿಸಲು ಮಾತ್ರ ದೇವಸ್ಥಾನವಾಗುತ್ತದೆ. ಏನು ಬೇಕು ಕೇಳಿ ಎನ್ನುತ್ತಾನೆ ಜೀಯಸ್. ಮುದುಕ ತಕ್ಷಣ ಉತ್ತರ ಕೊಡುವುದಿಲ್ಲ. ಹೆಂಡತಿಯ ಜೊತೆ ಒಂದೆರಡು ಮಾತಾಡಿ ಆಮೇಲೆ ಕೇಳುತ್ತಾನೆ. ಈ ಗುಡಿಯ ಪೂಜಾರಿಗಳಾಗಿ ಇರುತ್ತೇವೆ, ಸಾಯುವಾಗ ಇಬ್ಬರೂ ಒಂದೇ ಗಳಿಗೆಯಲ್ಲಿ ಸಾಯಬೇಕು. ಕೊನೆಗೆ ಒಬ್ಬರು ಓಕ್ ಮರ, ಒಬ್ಬರು ಲಿಂಡನ್ ಮರ ಆಗುತ್ತಾರೆ. ದೇವರಿಂದ ವರ ಪಡೆದು ನೆಮ್ಮದಿಯಾಗಿದ್ದವರು ಗ್ರೀಕ್ ಪುರಾಣದಲ್ಲಿ ತೀರಾ ಕಮ್ಮಿ. ಇವರು ಸಾವಿಲ್ಲದ ಬದುಕನ್ನು ಕೇಳಲಿಲ್ಲ, ಸಾವಿನ ಹೊತ್ತನ್ನಷ್ಟೇ ಕೇಳಿದರು. ನೋಟ್‌ಬುಕ್ಕಿನಲ್ಲಿ ಇದನ್ನು ಬರೆದುಕೊಳ್ಳಿ.

ಇದೇ ಕಾವ್ಯದ ಮೊದಲ ಸರ್ಗದಲ್ಲಿ ಇದಕ್ಕೆ ತದ್ವಿರುದ್ಧ ಕಥೆ ಇದೆ. ಅರ್ಕೇಡಿಯಾದ ರಾಜ ಲೈಕೇಯಾನ್, ಮನೆಗೆ ಬಂದ ಜೀಯಸ್‌ನನ್ನು ಪರೀಕ್ಷಿಸಲು ನರಮಾಂಸ ಬೇಯಿಸಿ ಬಡಿಸುತ್ತಾನೆ, ತೋಳವಾಗುತ್ತಾನೆ. ಎರಡನ್ನೂ ಜೊತೆಗೆ ಓದಿ. ಅತಿಥಿಯನ್ನು ನೋಡಿಕೊಳ್ಳುವುದು ಗ್ರೀಕರಿಗೆ ಬರೀ ಸೌಜನ್ಯವಲ್ಲ, ಅದಕ್ಕೆ ಜೀಯಸ್‌ನೇ ಕಾವಲು. ಈ ನಂಬಿಕೆ ಎಷ್ಟು ಜೀವಂತವಾಗಿತ್ತು ಎಂಬುದಕ್ಕೆ ಬೈಬಲ್‌ನಲ್ಲೂ ಒಂದು ಸುಳಿವು ಸಿಗುತ್ತದೆ. ಅದೇ ಒಳನಾಡಿನ ಲಿಸ್ತ್ರ ಎಂಬ ಊರಿಗೆ ಕ್ರೈಸ್ತ ಧರ್ಮ ಸಾರುತ್ತ ಪೌಲ, ಬಾರ್ನಬ ಬಂದಾಗ ಜನ ಅವರನ್ನು ಹರ್ಮಿಸ್, ಜೀಯಸ್ ಎಂದೇ ತಿಳಿದರು. ಜೀಯಸ್ ಗುಡಿಯ ಪೂಜಾರಿ ಎತ್ತು, ಹೂಮಾಲೆ ಹಿಡಿದು ಬಲಿ ಕೊಡಲು ಬಂದ. ಹೊಸ ಒಡಂಬಡಿಕೆಯ 'ಅಪೊಸ್ತಲರ ಕೃತ್ಯಗಳು' 14ನೇ ಅಧ್ಯಾಯದಲ್ಲಿ ಇದಿದೆ, ಕನ್ನಡದಲ್ಲೇ ಓದಬಹುದು.

ಮೂರನೇ ಹೆಜ್ಜೆ: ವರ ಕೇಳಿದ ಮಾತನ್ನು ಅಕ್ಷರಶಃ ಬರೆದುಕೊಳ್ಳಿ

ನೋಟ್‌ಬುಕ್ ಬೇಕು ಎಂದಿದ್ದು ಇದಕ್ಕೇ. ವರದ ಕಥೆ ಬಂದಾಗಲೆಲ್ಲ ಕೇಳಿದವರ ಮಾತನ್ನು ಒಂದು ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ, ಕೇಳಲು ಮರೆತದ್ದು ಏನು ಎಂದು ಬರೆಯಿರಿ.

ಬೆಳಗಿನ ದೇವತೆ ಈಯಾಸ್ ತನ್ನ ಪ್ರಿಯಕರ ಟಿಥೋನಸ್‌ಗೆ ಸಾವು ಬರಬಾರದು ಎಂದು ಜೀಯಸ್‌ನ ಹತ್ತಿರ ಕೇಳಿಕೊಂಡಳು. ಪ್ರಾಯ ಹಾಗೇ ಇರಲಿ ಎಂದು ಕೇಳಲು ಮರೆತಳು. ಅವನಿಗೆ ಮುಪ್ಪು ಬಂತು, ಕೈಕಾಲು ಆಡದಾಯಿತು, ಸಾವು ಮಾತ್ರ ಬರಲಿಲ್ಲ. ಕೊನೆಗೆ ಅವಳು ಅವನನ್ನು ಒಂದು ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿದಳು. ಒಳಗಿಂದ ದನಿಯೊಂದು ನಿಲ್ಲದೆ ಬರುತ್ತಿತ್ತು ಎನ್ನುತ್ತದೆ ಪ್ರೇಮದೇವತೆ ಅಫ್ರೊಡೈಟಿಯ ಹಳೆಯ ಸ್ತುತಿ. ಇಲ್ಲಿ ಮರೆತವಳು ದೇವತೆ, ಬೆಲೆ ತೆತ್ತವನು ಮನುಷ್ಯ. ಕ್ಯೂಮಿಯ ಸಿಬಿಲ್ ಎಂಬ ಕಾಲಜ್ಞಾನಿ ಒಂದು ಹಿಡಿ ಮಣ್ಣು ತೋರಿಸಿ, ಇದರಲ್ಲಿ ಎಷ್ಟು ಕಣ ಇವೆಯೋ ಅಷ್ಟು ವರ್ಷ ಆಯಸ್ಸು ಕೊಡು ಎಂದು ಅಪೊಲೊನನ್ನು ಕೇಳಿದಳು. ಮರೆತದ್ದು ಅದನ್ನೇ, ಪ್ರಾಯವನ್ನು. ಓವಿಡ್‌ನ ಕಾವ್ಯದಲ್ಲಿ ಅವಳು ಮಾತಾಡುವಾಗ 700 ವರ್ಷ ಕಳೆದಿವೆ, ಇನ್ನೂ 300 ಬಾಕಿ.

ಥೀಬ್ಸ್‌ನ ಸೆಮೆಲೆಯದು ಇನ್ನೊಂದು ಬಗೆ. ಅವಳಿಗೆ ಜೀಯಸ್‌ನಿಂದ ಗರ್ಭ ನಿಂತಿದೆ. ಹೇರಾ ಮುದಿ ದಾದಿಯ ವೇಷದಲ್ಲಿ ಬಂದು ಅನುಮಾನ ಬಿತ್ತುತ್ತಾಳೆ: ಬಂದವನು ನಿಜವಾಗಿ ಜೀಯಸ್ಸೇನಾ? ಸೆಮೆಲೆ ಅವನಿಂದ ಮೊದಲು ಆಣೆ ಮಾಡಿಸಿಕೊಂಡು, ಹೇರಾಳ ಮುಂದೆ ಬರುವ ಹಾಗೆಯೇ ನನ್ನ ಮುಂದೆ ಬಾ ಎನ್ನುತ್ತಾಳೆ. ಸ್ಟಿಕ್ಸ್ ನದಿಯ ಮೇಲೆ ಆಣೆ ಇಟ್ಟರೆ ದೇವರೂ ಮಾತು ಮುರಿಯುವಂತಿಲ್ಲ. ಜೀಯಸ್ ಗೊತ್ತಿದ್ದೂ ಮಿಂಚು ಹಿಡಿದು ಬರುತ್ತಾನೆ, ಅವಳು ಸುಟ್ಟುಹೋಗುತ್ತಾಳೆ. ಹೊಟ್ಟೆಯಲ್ಲಿದ್ದ ಮಗುವೇ ಡಯೊನೈಸಸ್.

ನಮ್ಮ ಪುರಾಣಗಳನ್ನು ಕೇಳಿ ಬೆಳೆದವರಿಗೆ ಇಲ್ಲಿ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಿರಣ್ಯಕಶಿಪು ಹಗಲೂ ಬೇಡ ಇರುಳೂ ಬೇಡ ಎಂದು ಜಾಣತನದಿಂದ ವರ ಕೇಳುತ್ತಾನೆ, ವಿಷ್ಣು ಆ ಮಾತಿನ ಸಂದಿಯನ್ನು ಹುಡುಕಿ ಲೋಕವನ್ನು ಉಳಿಸುತ್ತಾನೆ. ಗ್ರೀಕ್ ಕಥೆಯಲ್ಲೂ ಮಾತಿನಲ್ಲಿ ಸಂದಿ ಇರುತ್ತದೆ, ಆದರೆ ಅದರಲ್ಲಿ ಬೀಳುವವರು ಬಹುಪಾಲು ಟಿಥೋನಸ್, ಸೆಮೆಲೆಯಂಥವರು. ಲೋಕಕ್ಕೆ ಕಂಟಕರಾದವರೇನಲ್ಲ, ಪ್ರೀತಿಸಿದವರು, ಪ್ರೀತಿಸಲ್ಪಟ್ಟವರು. ಇನ್ನೊಂದು, ನಮ್ಮಲ್ಲಿ ಶಾಪಕ್ಕೆ ವಿಮೋಚನೆ ಇದ್ದೇ ಇರುತ್ತದೆ ಎಂಬ ಭರವಸೆ. ಇಲ್ಲಿ ಅದನ್ನು ನಿರೀಕ್ಷಿಸಬೇಡಿ. ಒಬ್ಬ ದೇವರು ಮಾಡಿದ್ದನ್ನು ಇನ್ನೊಬ್ಬರು ಅಳಿಸುವಂತಿಲ್ಲ. ಹೇರಾ ಥೀಬ್ಸ್‌ನ ಟೈರೀಸಿಯಸ್‌ನ ಕಣ್ಣು ಕಳೆದಾಗ ಜೀಯಸ್‌ಗೆ ದೃಷ್ಟಿ ಮರಳಿಸಲು ಆಗುವುದಿಲ್ಲ, ಬದಲಿಗೆ ಭವಿಷ್ಯ ಕಾಣುವ ಶಕ್ತಿ ಕೊಡುತ್ತಾನೆ. ಟ್ರಾಯ್‌ನ ಕಸಾಂಡ್ರಾಗೆ ಅಪೊಲೊ ಅದೇ ಶಕ್ತಿ ಕೊಟ್ಟ. ಅವಳು ಅವನನ್ನು ಒಲ್ಲೆ ಎಂದಾಗ ಅವನು ಕೊಟ್ಟದ್ದನ್ನು ವಾಪಸ್ ಪಡೆಯಲಿಲ್ಲ. ಅವಳ ಮಾತನ್ನು ಯಾರೂ ನಂಬದಂತೆ ಮಾಡಿದ. ಇಡೀ ಪುರಾಣದಲ್ಲಿ ಇದಕ್ಕಿಂತ ಕ್ರೂರವಾದ ತಿದ್ದುಪಡಿ ಇಲ್ಲ ಎನಿಸುತ್ತದೆ ನನಗೆ.

ಹೀಗೆ ನೋಡಿದಾಗ ಮಿಡಾಸ್ ಅದೃಷ್ಟವಂತ. ಅವನಿಗೆ ವರ ಸಿಕ್ಕಿದ್ದೇ ಆತಿಥ್ಯದಿಂದ. ಡಯೊನೈಸಸ್‌ನ ಸಂಗಾತಿ, ಕುಡಿದು ದಾರಿ ತಪ್ಪಿದ್ದ ಸೈಲೀನಸ್‌ಗೆ ಅವನು ಹತ್ತು ಹಗಲು ಹತ್ತು ರಾತ್ರಿ ಔತಣ ಕೊಟ್ಟಿದ್ದ. ತಪ್ಪಾಯಿತು ಎಂದು ಬೇಡಿಕೊಂಡಾಗ ವರ ಕೊಟ್ಟ ದೇವರೇ ಅದನ್ನು ಕಳೆದುಕೊಳ್ಳುವ ದಾರಿ ಹೇಳಿದ. ಪ್ಯಾಕ್ಟೋಲಸ್ ನದಿಯ ಮೂಲದಲ್ಲಿ ಮೈ ತೊಳೆದುಕೋ ಎಂದ. ಆ ನದಿ ಟರ್ಕಿಯ ಪಶ್ಚಿಮದಲ್ಲಿ, ಪ್ರಾಚೀನ ಸಾರ್ಡಿಸ್ ನಗರದ ಪಕ್ಕದಲ್ಲಿ ಹರಿಯುತ್ತದೆ. ಅದರ ಮರಳಿನಲ್ಲಿ ನಿಜವಾಗಿಯೂ ಚಿನ್ನ ಸಿಗುತ್ತಿತ್ತು. ಮಿಡಾಸ್ ಎಂಬ ಹೆಸರಿನ ರಾಜನೂ ನಿಜವಾಗಿ ಇದ್ದ. ಕ್ರಿ.ಪೂ. 8ನೇ ಶತಮಾನದ ಅಸ್ಸೀರಿಯಾದ ದಾಖಲೆಗಳಲ್ಲಿ ಅವನು 'ಮಿತಾ' ಎಂದು ಬರುತ್ತಾನೆ. ಅವನ ರಾಜಧಾನಿ ಗೋರ್ಡಿಯನ್‌ನಲ್ಲಿ 53 ಮೀಟರ್ ಎತ್ತರದ ಸಮಾಧಿ ದಿಬ್ಬವಿದೆ. 1957ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಅದರೊಳಗೆ ಮರದ ಕೋಣೆ, ಅದರಲ್ಲಿ ಒಬ್ಬ ಮುದುಕನ ಅಸ್ಥಿ ಕಂಡರು. ಸುತ್ತ ಕಂಚಿನ ಪಾತ್ರೆಗಳ ರಾಶಿ ಇತ್ತು. ಅದು ಮಿಡಾಸ್‌ನ ಅಪ್ಪನ ಸಮಾಧಿ ಇರಬೇಕು ಎಂದು ಈಗ ಹಲವರ ಅಭಿಪ್ರಾಯ.

ನಾಲ್ಕನೇ ಹೆಜ್ಜೆ: ಪಂದ್ಯದ ಕಥೆಗಳಲ್ಲಿ ಗೆದ್ದವರು ಯಾರು ಎಂದು ನೋಡಿ

ದೇವರ ಜೊತೆ ಪೈಪೋಟಿಗಿಳಿದವರ ಕಥೆಗಳನ್ನು ಸಾರಾಂಶದಲ್ಲಿ ಓದಲೇಬೇಡಿ. ಅರಾಕ್ನೆಯ ಕಥೆಯೇ ಸಾಕು ಉದಾಹರಣೆಗೆ. ನೇಯ್ಗೆಯಲ್ಲಿ ಅಥೀನಾಳನ್ನೇ ಮೀರಿಸುತ್ತೇನೆಂದು ಸೊಕ್ಕಿದ ಹುಡುಗಿ ಸೋತು ಜೇಡವಾದಳು ಎಂದು ಎಲ್ಲೆಡೆ ಬರೆದಿರುತ್ತಾರೆ. ಓವಿಡ್‌ನ ಆರನೇ ಸರ್ಗ ತೆರೆದು ನೋಡಿ.

ಅರಾಕ್ನೆ ಬಡವರ ಮಗಳು, ಅಪ್ಪ ಉಣ್ಣೆಗೆ ಬಣ್ಣ ಹಾಕುವವನು. ಅಥೀನಾ ಮುದುಕಿಯ ವೇಷದಲ್ಲಿ ಬಂದು ಕ್ಷಮೆ ಕೇಳು ಎನ್ನುತ್ತಾಳೆ, ಹುಡುಗಿ ಒಪ್ಪುವುದಿಲ್ಲ. ಎರಡು ಮಗ್ಗ ಹೂಡುತ್ತಾರೆ, ಹಾಸು ಬಿಗಿಯುತ್ತಾರೆ, ಲಾಳಿ ಓಡುತ್ತದೆ. ಅಥೀನಾ ನೇಯುವುದು ತನ್ನದೇ ಗೆಲುವನ್ನು, ಅಥೆನ್ಸ್ ನಗರಕ್ಕಾಗಿ ಸಮುದ್ರದ ದೇವರು ಪೊಸೈಡನ್ ಜೊತೆ ನಡೆದ ಸ್ಪರ್ಧೆಯನ್ನು. ನಾಲ್ಕು ಮೂಲೆಯಲ್ಲಿ ದೇವರನ್ನು ಎದುರಿಸಿ ಕೆಟ್ಟ ಮನುಷ್ಯರ ಚಿತ್ರಗಳು, ಎಚ್ಚರಿಕೆಯ ಹಾಗೆ. ಅರಾಕ್ನೆ ನೇಯುವುದು ದೇವರುಗಳು ಹೆಣ್ಣುಗಳಿಗೆ ಮಾಡಿದ ಮೋಸವನ್ನು. ಹೋರಿಯಾಗಿ ಬಂದು ಯೂರೋಪಾಳನ್ನು ಹೊತ್ತೊಯ್ದ ಜೀಯಸ್, ಹಂಸವಾಗಿ ಲೀಡಾಳ ಬಳಿ ಬಂದ ಜೀಯಸ್, ಚಿನ್ನದ ಮಳೆಯಾಗಿ ಡನಾಯೆಯ ಮೇಲೆ ಸುರಿದ ಜೀಯಸ್, ಆಮೇಲೆ ಪೊಸೈಡನ್, ಅಪೊಲೊ, ಹೀಗೆ ಸಾಲು ಸಾಲು.

ಆ ಬಟ್ಟೆಯಲ್ಲಿ ಅಥೀನಾಗೂ ಒಂದು ಕುಂದು ಕಾಣಲಿಲ್ಲ ಎಂದು ಓವಿಡ್ ನೇರವಾಗಿ ಹೇಳುತ್ತಾನೆ. ಅವಳು ಬಟ್ಟೆ ಹರಿದಳು, ಕೈಯಲ್ಲಿದ್ದ ಲಾಳಿಯಿಂದ ಹುಡುಗಿಯ ಹಣೆಗೆ ಮೂರು ನಾಲ್ಕು ಸಲ ಹೊಡೆದಳು. ಅವಮಾನ ತಾಳದೆ ಅರಾಕ್ನೆ ಕುಣಿಕೆ ಹಾಕಿಕೊಂಡಳು. ಅಯ್ಯೋ ಪಾಪ ಎನಿಸಿ ಅಥೀನಾ ಅವಳನ್ನು ಎತ್ತಿ, ಬದುಕು, ಆದರೆ ನೇತಾಡುತ್ತಲೇ ಇರು ಎಂದು ಜೇಡವಾಗಿಸಿದಳು. ಸೋತದ್ದು ಎಲ್ಲಿ? ಸಾರಾಂಶ ಬರೆಯುವವರು ಹೊಡೆತವನ್ನು ಬಿಟ್ಟು ಸೋಲನ್ನು ಸೇರಿಸಿದ್ದಾರೆ. ಈ ಕಥೆಯನ್ನು ಬರೆದವನ ಪಾಡು ತಿಳಿದರೆ ಅದು ಇನ್ನೂ ಆಳಕ್ಕಿಳಿಯುತ್ತದೆ. ಕ್ರಿ.ಶ. 8ರಲ್ಲಿ ಚಕ್ರವರ್ತಿ ಅಗಸ್ಟಸ್ ಓವಿಡ್‌ನನ್ನು ಕಪ್ಪು ಸಮುದ್ರದ ದಂಡೆಯ ಟೋಮಿಸ್‌ಗೆ ಗಡೀಪಾರು ಮಾಡಿದ. ಈಗಿನ ರುಮೇನಿಯಾದ ಕಾನ್‌ಸ್ಟಾಂಟಾ ಅದು. ಕವಿ ಮತ್ತೆ ರೋಮ್ ನೋಡಲಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಅರಾಕ್ನೆ ನೇಯ್ದ ಕಥೆಗಳನ್ನು ಹಲವು ಪುಸ್ತಕಗಳು 'ಪ್ರೇಮಕಥೆ' ಎಂದು ಕರೆಯುತ್ತವೆ. ಹೆಚ್ಚಿನವು ಅಪಹರಣ, ಬಲಾತ್ಕಾರದ ಕಥೆಗಳು. ಓದುವಾಗ, ಬೇರೆಯವರಿಗೆ ಹೇಳುವಾಗ ಅವನ್ನು ಹಾಗೆಯೇ ಕರೆಯಿರಿ. ಒಬ್ಬ ಹುಡುಗಿ ಅದನ್ನು ಬಟ್ಟೆಯ ಮೇಲೆ ತೋರಿಸಿದ್ದಕ್ಕೇ ಏಟು ತಿಂದಳು.

ಐದನೇ ಹೆಜ್ಜೆ: ಒಂದೇ ಕಥೆಯನ್ನು ಇಬ್ಬರ ಬಾಯಲ್ಲಿ ಕೇಳಿ

ಇದಕ್ಕೆ ನಿಯೋಬೆಯನ್ನು ಆರಿಸಿಕೊಳ್ಳಿ. ತನಗೆ ಮಕ್ಕಳು ಜಾಸ್ತಿ, ದೇವತೆ ಲೀಟೋಗೆ ಇರುವುದು ಇಬ್ಬರೇ ಎಂದು ಹಂಗಿಸಿದ ರಾಣಿ ಅವಳು. ಆ ಇಬ್ಬರು ಮಕ್ಕಳು ಅಪೊಲೊ ಮತ್ತು ಬೇಟೆಯ ದೇವತೆ ಆರ್ಟೆಮಿಸ್. ಅವರು ಅವಳ ಮಕ್ಕಳನ್ನೆಲ್ಲ ಬಾಣದಿಂದ ಕೊಂದರು. ಓವಿಡ್‌ನಲ್ಲಿ ಏಳು ಗಂಡು, ಏಳು ಹೆಣ್ಣು. ಅವನು ಒಬ್ಬೊಬ್ಬರ ಸಾವನ್ನೂ ವಿವರಿಸುತ್ತಾನೆ. ಕೊನೆಯ ಚಿಕ್ಕ ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇದೊಂದನ್ನಾದರೂ ಬಿಡಿ ಎಂದು ತಾಯಿ ಬೇಡುತ್ತಾಳೆ.

ಈಗ 'ಇಲಿಯಡ್' ಕೊನೆಯ ಸರ್ಗಕ್ಕೆ ಹೋಗಿ. ಮಗ ಹೆಕ್ಟರ್‌ನ ಹೆಣ ಕೇಳಲು ಟ್ರಾಯ್‌ನ ಮುದಿ ರಾಜ ಪ್ರಿಯಮ್ ರಾತ್ರಿಯಲ್ಲಿ ಗ್ರೀಕ್ ವೀರ ಅಕಿಲೀಸ್‌ನ ಡೇರೆಗೆ ಬಂದಿದ್ದಾನೆ. ಅಕಿಲೀಸ್ ಅವನಿಗೆ ಊಟ ಮಾಡು ಎನ್ನುತ್ತಾನೆ. ಹನ್ನೆರಡು ಮಕ್ಕಳನ್ನು ಕಳೆದುಕೊಂಡ ನಿಯೋಬೆಯೂ ಅತ್ತು ಸುಸ್ತಾದ ಮೇಲೆ ಊಟ ಮಾಡಿದಳು ಎನ್ನುತ್ತಾನೆ. ಇಲ್ಲಿ ಆರು ಗಂಡು, ಆರು ಹೆಣ್ಣು. ಲೆಕ್ಕ ಬೇರೆ, ಉದ್ದೇಶವೂ ಬೇರೆ. ಮಗನನ್ನು ಕೊಂದವನು ಅಪ್ಪನಿಗೆ ಊಟ ಮಾಡಿಸಲು ಹೇಳುವ ಕಥೆ ಇದು. ಇಲ್ಲಿ ಸೊಕ್ಕಿನ ನೀತಿ ಹಿಂದೆ ಸರಿದು ಹಸಿವು, ದುಃಖ ಮುಂದೆ ಬಂದಿವೆ. ಇದೇ ಮಾತುಕತೆಯಲ್ಲಿ ಅಕಿಲೀಸ್ ಜೀಯಸ್‌ನ ಮನೆಯ ಗುಡಾಣಗಳ ವಿಷಯ ಹೇಳುತ್ತಾನೆ. ಒಂದು ಕಡೆ ಕೆಟ್ಟದ್ದು, ಇನ್ನೊಂದು ಕಡೆ ಒಳ್ಳೆಯದು. ಕೆಲವರಿಗೆ ಎರಡನ್ನೂ ಬೆರೆಸಿ ಕೊಡುತ್ತಾನೆ, ಕೆಲವರಿಗೆ ಕೆಟ್ಟದ್ದನ್ನು ಮಾತ್ರ. ಬರೀ ಒಳ್ಳೆಯದು ಸಿಗುವ ಮನುಷ್ಯನ ಮಾತೇ ಅಲ್ಲಿಲ್ಲ.

ಸಿಸಿಫಸ್‌ನದೂ ಹೀಗೆಯೇ. ಈ ಕೊರಿಂತ್ ರಾಜನಿಗೆ ಸತ್ತ ಮೇಲೆ ಸಿಕ್ಕ ಬಂಡೆ ಉರುಳಿಸುವ ಶಿಕ್ಷೆಯನ್ನು ಹೋಮರನ ಇನ್ನೊಂದು ಕಾವ್ಯ 'ಒಡಿಸ್ಸಿ' ವರ್ಣಿಸುತ್ತದೆ, ಕಾರಣ ಹೇಳುವುದಿಲ್ಲ. ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ಕೊರಿಂತ್‌ನ ಗುಡ್ಡದ ಮೇಲೆ ಒಂದು ನೀರಿನ ಬುಗ್ಗೆ ನೋಡಿ, ಅಲ್ಲಿ ಕೇಳಿದ್ದನ್ನು ಬರೆದಿಟ್ಟಿದ್ದಾನೆ. ನದಿದೇವತೆ ಅಸೋಪಸ್‌ನ ಮಗಳನ್ನು ಜೀಯಸ್ ಹೊತ್ತೊಯ್ದಿದ್ದ. ಅದು ಸಿಸಿಫಸ್‌ಗೆ ಗೊತ್ತಿತ್ತು. ಗುಡ್ಡದ ಮೇಲೆ ನೀರು ಕೊಟ್ಟರೆ ಹೇಳುತ್ತೇನೆ ಎಂದ. ನೀರು ಬಂತು, ಅವನು ಹೇಳಿದ. ಊರಿಗೆ ನೀರು ತರಿಸಿದ ರಾಜ ಎಂದು ಓದಿದರೆ ಆ ಬಂಡೆ ಬೇರೆಯದೇ ಭಾರ ಪಡೆಯುತ್ತದೆ, ಅಲ್ವಾ?

ಆರನೇ ಹೆಜ್ಜೆ: ಸಾವಿನ ಗೆರೆ ಎಲ್ಲಿದೆ ಎಂದು ಗುರುತಿಸಿ

ದೇವರು, ಮನುಷ್ಯರು ಕೂಡಿ ಉಣ್ಣಬಹುದು, ಮಲಗಬಹುದು, ಜಗಳವಾಡಬಹುದು. ಸಾವು ಮಾತ್ರ ಮನುಷ್ಯರ ಪಾಲಿಗಷ್ಟೇ. ವ್ಯವಹಾರ ಕೆಡುವುದು ಬಹುಪಾಲು ಇಲ್ಲೇ. ಡಿಮಿಟರ್ ದೇವತೆ ಅಥೆನ್ಸ್ ಹತ್ತಿರದ ಎಲ್ಯೂಸಿಸ್‌ನಲ್ಲಿ ದಾದಿಯಾಗಿದ್ದಾಗ, ಸಾಕುತ್ತಿದ್ದ ಕೂಸನ್ನು ಅಮರನಾಗಿಸಲು ರಾತ್ರಿ ಹೊತ್ತು ಬೆಂಕಿಯಲ್ಲಿಡುತ್ತಿದ್ದಳು. ತಾಯಿ ನೋಡಿ ಕಿರುಚಿದಳು. ಯಾವ ತಾಯಿ ಕಿರುಚುವುದಿಲ್ಲ? ಮಗು ಮನುಷ್ಯನಾಗಿಯೇ ಉಳಿಯಿತು. ವೈದ್ಯ ಅಸ್ಕ್ಲೀಪಿಯಸ್ ಸತ್ತವರನ್ನು ಎಬ್ಬಿಸಿದಾಗ ಜೀಯಸ್ ಸಿಡಿಲು ಹೊಡೆದ. ಜೀಯಸ್‌ಗೇ ತನ್ನ ಮಗ ಸಾರ್ಪೆಡಾನ್‌ನನ್ನು ಯುದ್ಧದಿಂದ ಎತ್ತಿಕೊಂಡು ಬರುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಉಳಿದ ದೇವರೂ ಅದನ್ನೇ ಮಾಡುತ್ತಾರೆ ಎಂದು ಹೇರಾ ತಡೆಯುತ್ತಾಳೆ. ಅವನು ರಕ್ತದ ಮಳೆ ಸುರಿಸುತ್ತಾನೆ, ಮಗ ಸಾಯುತ್ತಾನೆ.

ಈ ಹೆಜ್ಜೆಗೆ ಗ್ರೀಕ್ ನಾಟಕಕಾರ ಯುರಿಪಿಡಿಸ್‌ನ ಎರಡು ನಾಟಕ ಓದಿ. ಕ್ರಿ.ಪೂ. 438ರ 'ಅಲ್ಸೆಸ್ಟಿಸ್' ಮೊದಲು. ಬೇರೆ ಯಾರಾದರೂ ಬದಲಿಗೆ ಸತ್ತರೆ ರಾಜ ಅಡ್ಮೀಟಸ್ ಬದುಕಬಹುದು ಎಂದು ಅಪೊಲೊ ಒಪ್ಪಂದ ಮಾಡಿಸಿರುತ್ತಾನೆ. ಮುದಿ ಅಪ್ಪ ಅಮ್ಮ ಒಪ್ಪುವುದಿಲ್ಲ, ಹೆಂಡತಿ ಒಪ್ಪುತ್ತಾಳೆ. ಸಾವಿತ್ರಿ ಯಮನ ಹಿಂದೆ ನಡೆದು ಮಾತಿನಲ್ಲಿ ಗೆದ್ದು ಗಂಡನನ್ನು ತಂದಳು. ಅಲ್ಸೆಸ್ಟಿಸ್ ತಾನೇ ಹೋಗುತ್ತಾಳೆ. ಮಗನ ಗುಣವನ್ನು ಅಪ್ಪ ಮುಖಕ್ಕೆ ಹೊಡೆದ ಹಾಗೆ ಹೇಳುವ ದೃಶ್ಯವನ್ನು ಎರಡು ಸಲ ಓದಿ. ಆಮೇಲೆ ಕ್ರಿ.ಪೂ. 428ರ 'ಹಿಪ್ಪೊಲಿಟಸ್'. ಅಫ್ರೊಡೈಟಿಯನ್ನು ಕಡೆಗಣಿಸಿ ಆರ್ಟೆಮಿಸ್ ಒಬ್ಬಳನ್ನೇ ಪೂಜಿಸಿದ ಹುಡುಗ ಸಾಯುತ್ತಿದ್ದಾನೆ. ಆರ್ಟೆಮಿಸ್ ಬರುತ್ತಾಳೆ. ಒಬ್ಬ ದೇವರ ಇಚ್ಛೆಗೆ ಇನ್ನೊಬ್ಬರು ಅಡ್ಡ ಬರುವ ಪದ್ಧತಿ ನಮ್ಮಲ್ಲಿಲ್ಲ ಎಂದು ವಿವರಿಸುತ್ತಾಳೆ. ಕೊನೆಯುಸಿರು ಹತ್ತಿರ ಬಂದಾಗ, ಸಾವನ್ನು ನೋಡುವುದು ನನಗೆ ಸಲ್ಲದು ಎಂದು ಹೊರಟುಬಿಡುತ್ತಾಳೆ. ಎಷ್ಟು ಸುಲಭವಾಗಿ ಬಿಟ್ಟು ಹೋಗುತ್ತೀಯ ಎನ್ನುತ್ತಾನೆ ಹುಡುಗ. ಅವನ ಪಕ್ಕ ಉಳಿಯುವವನು, ಅವನಿಗೆ ಶಾಪ ಹಾಕಿದ್ದ ಅಪ್ಪ. ಗ್ರೀಕರು ತಮ್ಮ ದೇವರನ್ನು ಎಷ್ಟು ಕಣ್ಣು ತೆರೆದು ನೋಡಿದ್ದರು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಏಳನೇ ಹೆಜ್ಜೆ: ಕಥೆಯಿಂದ ಆಚೆ, ನಿಜವಾದ ಭಕ್ತರನ್ನು ನೋಡಿ

ಇಷ್ಟು ಓದಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ಇಂಥ ದೇವರನ್ನು ಜನ ಹೇಗೆ ನಂಬಿದ್ದರು? ಉತ್ತರಕ್ಕೆ ಗ್ರೀಸ್‌ನ ಎಪಿಡೌರಸ್‌ನ ಕಲ್ಬರಹಗಳನ್ನು ಓದಿ. ಸಿಡಿಲು ಹೊಡೆಸಿಕೊಂಡ ಅದೇ ಅಸ್ಕ್ಲೀಪಿಯಸ್ ಅಲ್ಲಿ ಗುಣ ಮಾಡುವ ದೇವರು. ರೋಗಿಗಳು ಗುಡಿಯ ಆವರಣದಲ್ಲಿ ಮಲಗುತ್ತಿದ್ದರು, ಕನಸಿನಲ್ಲಿ ದೇವರು ಬರುತ್ತಿದ್ದ. ಗುಣವಾದವರ ಕಥೆಗಳನ್ನು ಕ್ರಿ.ಪೂ. 4ನೇ ಶತಮಾನದಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಅಥೆನ್ಸ್‌ನ ಅಂಬ್ರೋಸಿಯಾ ಎಂಬ ಹೆಂಗಸಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಕುಂಟರು, ಕುರುಡರು ಬರೀ ಕನಸು ಕಂಡು ವಾಸಿಯಾದರಂತೆ ಎಂದು ನಕ್ಕಳು. ರಾತ್ರಿ ದೇವರು ಬಂದು, ವಾಸಿ ಮಾಡುತ್ತೇನೆ, ಆದರೆ ನಿನ್ನ ತಿಳಿಗೇಡಿತನದ ನೆನಪಿಗೆ ಗುಡಿಗೆ ಬೆಳ್ಳಿಯ ಹಂದಿ ಒಪ್ಪಿಸು ಎಂದ. ಬೆಳಗಾದಾಗ ಕಣ್ಣು ಸರಿಯಾಗಿತ್ತು ಎನ್ನುತ್ತದೆ ಕಲ್ಲು. ಇದೂ ಲೆಕ್ಕವೇ, ಆದರೆ ನಕ್ಕವಳಿಗೂ ಕಣ್ಣು ಸಿಕ್ಕಿತು. ಕೊರಿಂತ್‌ನ ಅಸ್ಕ್ಲೀಪಿಯಸ್ ಗುಡಿಯಲ್ಲಿ ಜನ ಒಪ್ಪಿಸಿದ ಮಣ್ಣಿನ ಕೈ, ಕಾಲು, ಕಿವಿ, ಕಣ್ಣುಗಳು ರಾಶಿಯಾಗಿ ಸಿಕ್ಕಿವೆ. ನಮ್ಮ ಗುಡಿಗಳಲ್ಲಿ ಹರಕೆಗೆ ಬೆಳ್ಳಿ ಕಣ್ಣು ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಂದೆ ಏನು ಓದಬಹುದು

'ಒಡಿಸ್ಸಿ'ಯ ಐದನೇ ಸರ್ಗವನ್ನು ಬಿಡಬೇಡಿ. ಕ್ಯಾಲಿಪ್ಸೋ ಎಂಬ ಅಪ್ಸರೆ, ಟ್ರಾಯ್ ಯುದ್ಧ ಮುಗಿಸಿ ಮನೆಗೆ ಹೊರಟ ಗ್ರೀಕ್ ವೀರ ಒಡಿಸ್ಯೂಸ್‌ನನ್ನು ಏಳು ವರ್ಷ ತನ್ನ ದ್ವೀಪದಲ್ಲಿ ಇಟ್ಟುಕೊಂಡು, ಇಲ್ಲೇ ಇರು, ಮುಪ್ಪೂ ಇಲ್ಲ ಸಾವೂ ಇಲ್ಲ ಎನ್ನುತ್ತಾಳೆ. ಟಿಥೋನಸ್‌ನ ಕಥೆಯಲ್ಲಿ ಮರೆತದ್ದನ್ನು ಇವಳು ಮರೆತಿಲ್ಲ, ಗಮನಿಸಿ. ನನ್ನ ಹೆಂಡತಿ ಪೆನೆಲೊಪಿ ನಿನ್ನಷ್ಟು ಚೆಲುವೆಯಲ್ಲ, ಅವಳು ಸಾಯುವವಳು, ಆದರೂ ನನಗೆ ಮನೆಗೆ ಹೋಗಬೇಕು ಎಂದು ಅವನು ಉತ್ತರಿಸುತ್ತಾನೆ.

ಕನ್ನಡದಲ್ಲೇ ಓದಬೇಕೆಂದರೆ ನಾಟಕಗಳಿಂದ ಶುರು ಮಾಡಿ. ಸಾಫೊಕ್ಲಿಸ್‌ನ ಈಡಿಪಸ್, ಅಂತಿಗೊನೆ ನಾಟಕಗಳನ್ನು ಪಿ. ಲಂಕೇಶ್ ಕನ್ನಡಕ್ಕೆ ತಂದಿದ್ದಾರೆ. ಅದೇ ಸಾಫೊಕ್ಲಿಸ್‌ನ 'ಅಜಾಕ್ಸ್' ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ಮಹಾಭಾರತದ ನೆಲಕ್ಕೆ ಒಗ್ಗಿಸಿ 'ಅಶ್ವತ್ಥಾಮನ್' ಬರೆದರು. ಮೂಲದಲ್ಲಿ ಅಥೀನಾ ಗ್ರೀಕ್ ವೀರ ಅಜಾಕ್ಸ್‌ಗೆ ಹುಚ್ಚು ಹಿಡಿಸುತ್ತಾಳೆ, ಅವನು ಶತ್ರುಗಳೆಂದು ತಿಳಿದು ದನಕುರಿಗಳನ್ನು ಕೊಚ್ಚುತ್ತಾನೆ. ಅವನನ್ನು ಅವನ ವೈರಿ ಒಡಿಸ್ಯೂಸ್‌ಗೆ ತೋರಿಸಿ, ವೈರಿಯನ್ನು ನೋಡಿ ನಗುವುದಕ್ಕಿಂತ ಸುಖ ಬೇರೆ ಇದೆಯೇ ಎನ್ನುತ್ತಾಳೆ. ಒಡಿಸ್ಯೂಸ್ ನಗುವುದಿಲ್ಲ. ಇವನ ಗತಿ ನನಗೂ ಬರಬಹುದು, ಪಾಪ ಅನಿಸುತ್ತದೆ ಎನ್ನುತ್ತಾನೆ. ಈ ದೃಶ್ಯವನ್ನು ಓದಿದ ಮೇಲೆ 'ಅಶ್ವತ್ಥಾಮನ್' ತೆರೆಯಿರಿ. ಬಿಎಂಶ್ರೀ ಅವರ ಹಳಗನ್ನಡ ಮೊದಲ ಪುಟಗಳಲ್ಲಿ ಕಷ್ಟವಾಗಬಹುದು, ಗಟ್ಟಿಯಾಗಿ ಓದಿಕೊಂಡರೆ ಸಲೀಸಾಗುತ್ತದೆ.